ಬೇಲಿಯಾಚೆಯ ಕಂಪನ

ಮಾರ್ಚ್ ೩, ಸೋಮವಾರ

ಈ ಡೈರಿ ಪುಕ್ಕಟೆ ಬಂದದ್ದು. ವಿಶ್ವವಿದ್ಯಾಲಯದವರು ಇವತ್ತು ಶಾಲೆಯ ಹಾಲಿನಲ್ಲಿ ಸಭೆ ಕರೆದು, ದಿಬ್ಬದ ಮೇಲೆ ಜಮೀನಿದ್ದವರಿಗೆಲ್ಲ ಒಂದೊಂದು ಡೈರಿ, ಒಂದೊಂದು ಪೆನ್ನು ಹಂಚಿದರು. ಮಗ ಅದು ತನಗಿರಲಿ ಎಂದು ಕೈ ಚಾಚಿದ. ಕೊಡಲಿಲ್ಲ. "ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೋಳು ಅದರಲ್ಲಿ ಏನಮ್ಮಾ ಬರೀತೀಯ?" ಅಂದ. "ನಾಲ್ಕನೇ ಕ್ಲಾಸಿನೋಳೇ ಕಣೋ ನಿನ್ನನ್ನ ಹೆತ್ತದ್ದು, ಅದೇನು ತಪ್ಪಾಗಿ ಬಂತಾ?" ಅಂದೆ. ಸೊಸೆ ಒಳಗಿನಿಂದ, "ಸ್ವಲ್ಪ ಬಂತು ಅತ್ತೆ" ಅಂದಳು. ಈ ಮನೆಯಲ್ಲಿ ನನಗೆ ಸರಿಸಮ ಬಾಯಿ ಇರುವುದು ಅವಳಿಗೊಬ್ಬಳಿಗೇ.

ಸಭೆಯ ವಿಷಯ. ನಮ್ಮ ದಿಬ್ಬಕ್ಕೆ ಕಂಪನಿ ಬರುತ್ತದೆ. ಅದನ್ನು ಹೇಳಲು ಬಂದವಳು ಒಬ್ಬ ಮೇಡಂ. ತೆಳ್ಳಗೆ, ಗಾಳಿ ಬಂದರೆ ಹಿಡಿದುಕೊಳ್ಳಬೇಕು ಅನ್ನುವ ಹಾಗಿದ್ದಾಳೆ. ಮೂಗಿನ ತುದಿಯಲ್ಲಿ ಕನ್ನಡಕ. ದೊಡ್ಡ ವಿಜ್ಞಾನಿಯಂತೆ. ಅವಳ ಮಾತು ಅರ್ಧ ಪುಸ್ತಕ, ಅರ್ಧ ಮನುಷ್ಯರದು.

"ಇಲ್ಲಿ ನಾವು ಅತಿ ಸೂಕ್ಷ್ಮ ಕಂಪನಗಳನ್ನ ಹಿಡೀತೀವಿ. ಎಷ್ಟೋ ಕಡೆ ಹುಡುಕಿದ್ವಿ. ನಿಮ್ಮ ದಿಬ್ಬದಲ್ಲಿ ಕಂಪನವೇ ಇಲ್ಲ, ಅದಕ್ಕೇ ಇಲ್ಲಿಗೆ ಬಂದ್ವಿ" ಅಂದಳು.

ನಾನು ಎದ್ದು ನಿಂತೆ. "ಇಲ್ಲ ಅನ್ನೋದು ನಮಗೂ ಗೊತ್ತು ಕಣಮ್ಮಾ. ಒಂದು ಕಂಪನಿ ಇದ್ದಿದ್ರೆ ನನ್ನ ಸೊಸೆ ದಿನವಿಡೀ ಮನೇಲಿ ಕೂತು ನನ್ನ ತಪ್ಪು ಹುಡುಕ್ತಿರಲಿಲ್ಲ. ಅವಳಿಗೆ ಏನು ಕೆಲಸ ಕೊಡ್ತೀರಿ, ಅದು ಹೇಳಿ."

ಮೇಡಂ ಕಣ್ಣು ಪಿಳಿಪಿಳಿ ಬಿಟ್ಟಳು. "ಅಜ್ಜಿ, ನಾನು ಹೇಳ್ತಿರೋ ಕಂಪನ ತುಂಬಾ ಚಿಕ್ಕದು. ಕೂದಲೆಳೆಗಿಂತ ಚಿಕ್ಕದು. ಕಣ್ಣಿಗೇ ಕಾಣಲ್ಲ."

"ಕಣ್ಣಿಗೇ ಕಾಣದ ಕಂಪನಿಗೆ ಇಡೀ ದಿಬ್ಬ ಯಾಕಮ್ಮಾ? ಒಂದು ಡಬ್ಬಿ ಸಾಲದಾ?"

ಹಾಲಿನ ಚಾವಣಿ ಬಿದ್ದು ಹೋಗುವ ಹಾಗೆ ಚಪ್ಪಾಳೆ ಬಿತ್ತು. ನಮ್ಮ ದಿಬ್ಬದ ದರ್ಜಿಯಂತೂ ಬೆಂಚಿನ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟಿದ. ಮೇಡಂ ಪಕ್ಕದಲ್ಲಿದ್ದ ಜಮೀನು ಅಳೆಯುವವನ ಕಿವಿಯಲ್ಲಿ ಏನೋ ಕೇಳಿದಳು, ಅವನು ತಲೆ ತಗ್ಗಿಸಿ ನಕ್ಕ. ಅವನಿಗೆ ಅಳತೆಪ್ಪ ಎಂದು ಹೆಸರಿಟ್ಟಿದ್ದೇನೆ.

ಗಂಟು ಇರುವುದು ಇಲ್ಲಿ. ದಿಬ್ಬದ ನೆತ್ತಿ ನಮ್ಮದು. ಅದು ಸಿಗದಿದ್ದರೆ ಅವರಿಗೆ ಉಳಿದದ್ದೆಲ್ಲ ಸಿಕ್ಕರೂ ಉಪಯೋಗವಿಲ್ಲವಂತೆ. ಆದರೆ ನೆತ್ತಿ ನನ್ನೊಬ್ಬಳದಲ್ಲ. ನನ್ನ ಗಂಡ, ಅವರ ಅಣ್ಣ ಇಬ್ಬರೂ ಪಾಲು ಮಾಡಿಕೊಳ್ಳದೆ ಕಣ್ಣು ಮುಚ್ಚಿದರು. ನಡುವೆ ಬೇಲಿ ಹಾಕಿದವರು ನಾವು ಹೆಂಗಸರು. ಕಾಗದದಲ್ಲಿ ಆ ಬೇಲಿ ಇಲ್ಲ. ಆದ್ದರಿಂದ ನಾನೂ ಸಹಿ ಹಾಕಬೇಕು, ಆಚೆಯವಳೂ ಹಾಕಬೇಕು. ಒಬ್ಬಳು ಒಲ್ಲೆ ಅಂದರೂ ಮುಗಿಯಿತು.

ಆಚೆಯವಳು ಎಂದರೆ ನನ್ನ ಓರಗಿತ್ತಿ, ಆ ಅಣ್ಣನ ಹೆಂಡತಿ. ಬೇಲಿಯಾಚೆ ಮಗಳ ಜೊತೆ ಇದ್ದಾಳೆ. ನಮಗೆ ಮಾತಿಲ್ಲ. ನನ್ನ ಮಗ ಚಡ್ಡಿ ಹಾಕಿಕೊಳ್ಳಲು ಕಲಿಯುವ ಮೊದಲಿನಿಂದ ಇಲ್ಲ.

ಮಾರ್ಚ್ ೪, ಮಂಗಳವಾರ

ಮಾತಿಲ್ಲ ಎಂದರೆ ಮೂಕಿಯರ ಹಾಗೆ ಕೂತಿದ್ದೇವೆ ಎಂದಲ್ಲ. ನನಗೊಂದು ಮೇಕೆ ಇದೆ, ರಂಭೆ. ಅವಳಿಗೊಂದು ಹಸು ಇದೆ, ದೊರೆಸಾನಿ. ನಾನು ರಂಭೆಗೆ ಹೇಳಬೇಕಾದ್ದನ್ನು ಜೋರಾಗಿ ಹೇಳುತ್ತೇನೆ. ಅವಳು ದೊರೆಸಾನಿಗೆ ಹೇಳಬೇಕಾದ್ದನ್ನು ಇನ್ನೂ ಜೋರಾಗಿ ಹೇಳುತ್ತಾಳೆ. ಯಾರ ಕಿವಿಗೆ ಏನು ಬಿದ್ದರೆ ಅದಕ್ಕೆ ನಾವು ಜವಾಬ್ದಾರರಲ್ಲ.

ಇಬ್ಬರ ಒಗೆಯುವ ಕಲ್ಲೂ ಬೇಲಿಗೆ ಅಂಟಿಕೊಂಡೇ ಇವೆ. ಇವತ್ತು ಬೆಳಿಗ್ಗೆ ನಾನು ಶುರು ಮಾಡಿದೆ.

"ಏನೇ ರಂಭೆ, ನಿನ್ನೆ ಸಭೇಲಿ ಮುಂದಿನ ಬೆಂಚಲ್ಲಿ ಕೂತು ಹಲ್ಲು ಕಿರೀತಿದ್ದೆ? ಸಹಿ ಹಾಕೋಕೆ ಕೈ ಕಡೀತಿದೆಯಾ?" ಎಂದು ಮಗನ ಪ್ಯಾಂಟನ್ನು ಕಲ್ಲಿಗೆ ಧಡ್ ಎಂದು ಬಡಿದೆ.

ಆಚೆಯಿಂದಲೂ ಧಡ್. "ದೊರೆಸಾನೀ, ಕೆಲವರಿಗೆ ದೇವರು ಬಾಯಿ ಮಾಡೋ ಗಡಿಬಿಡೀಲಿ ಕಿವಿ ಮಾಡೋದು ಮರೆತ ನೋಡು. ಆ ಮೇಡಂ ಒಂದು ಹೇಳಿದ್ರೆ ಇವರಿಗೆ ಇನ್ನೊಂದು ಕೇಳುತ್ತೆ. ಕಂಪನಿಯಂತೆ ಕಂಪನಿ!"

ಧಡ್. "ರಂಭೆ, ಮಗಳು ನರ್ಸಾದ ತಕ್ಷಣ ತಾಯಿ ಡಾಕ್ಟ್ರಾಗಲ್ಲ ಕಣೇ."

ಧಡ್. "ನಾನಂತೂ ಸಹಿ ಹಾಕೋಳೇ ದೊರೆಸಾನೀ. ಈ ಬೇಲಿ ಪಕ್ಕದ ಕಾಟ ಒಂದು ತಪ್ಪಿದ್ರೆ ಸಾಕು."

ಓಹೋ. ಅವಳು ಹಾಕುತ್ತಾಳಂತೆ. ಹಾಗಾದರೆ ನಾನು ಸತ್ತರೂ ಹಾಕುವುದಿಲ್ಲ.

ಮಾರ್ಚ್ ೬, ಗುರುವಾರ

ನಾನು ಹಾಕುವುದಿಲ್ಲ ಎಂದು ಗೊತ್ತಾಗಿ ಈಗ ಅವಳೂ ಹಾಕುವುದಿಲ್ಲವಂತೆ. ನಾನು ಕೊಟ್ಟು ಬಿಡುವ ಯೋಚನೆಯಲ್ಲಿದ್ದೇನೆ.

ಮಾರ್ಚ್ ೮, ಶನಿವಾರ

ಅಳತೆಪ್ಪನಿಗೆ ಇವತ್ತು ನಾಲಿಗೆ ಹೊರಗೆ ಬಂತು. ನಮ್ಮ ಮನೆಯಿಂದ ಅವಳ ಮನೆಗೆ ಬೇಲಿ ದಾಟಿದರೆ ಒಂದು ಹೆಜ್ಜೆ. ಆದರೆ ಬೇಲಿ ದಾಟಲು ನಾನೂ ಬಿಡುವುದಿಲ್ಲ, ಅವಳೂ ಬಿಡುವುದಿಲ್ಲ. ದಿಬ್ಬ ಇಳಿದು, ರಸ್ತೆ ಸುತ್ತಿ, ಮತ್ತೆ ಹತ್ತಬೇಕು. ಸಹಿ ಕೇಳಲು ಬಂದವನಿಗೆ ನಾನು ಆಗಲಿ ಅಂದೆ. ಅವನು ಕುಣಿಯುತ್ತಾ ಇಳಿದು, ಅವಳಲ್ಲಿಗೆ ಹತ್ತಿದ. ಅವಳು ಆಗುವುದಿಲ್ಲ ಅಂದಳು. ಅವನು ಮುಖ ಜೋಲು ಹಾಕಿಕೊಂಡು ನನ್ನಲ್ಲಿಗೆ ಬಂದ. ಅವಳು ಆಗುವುದಿಲ್ಲ ಅಂದಳೇ, ಹಾಗಾದರೆ ಖಂಡಿತ ಆಗಲಿ ಅಂದೆ. ಮತ್ತೆ ಹೋದ. ನಾನು ಖಂಡಿತ ಅಂದದ್ದಕ್ಕೆ ಅವಳು ಖಂಡಿತ ಇಲ್ಲ ಅಂದಳಂತೆ. ನಾಲ್ಕನೇ ಸಲ ಬಂದಾಗ ಚಪ್ಪಲಿ ಕೈಯಲ್ಲಿತ್ತು, ಒಂದರ ಉಂಗುಷ್ಠ ಕಿತ್ತಿತ್ತು. ಸೊಸೆ ಕನಿಕರಪಟ್ಟು ಟೀ ಕೊಟ್ಟಳು.

"ಅಜ್ಜಿ, ದಿಬ್ಬದವರಿಗೆಲ್ಲ, ನಿಮ್ಮಿಬ್ಬರಿಗೂ ರಸ್ತೆ ಪಕ್ಕದ ಹೊಸ ಸಾಲಿನಲ್ಲಿ ಮನೆ ಕಟ್ಟಿಸಿ ಕೊಡ್ತಾರೆ. ನೀರಿನ ನಲ್ಲಿ ಒಳಗೇ. ಯಾರಿಗೆ ಯಾವ ಮನೆ ಅಂತ ಚೀಟಿ ಎತ್ತೋದು" ಅಂದ.

"ಸಾಲು ಎಷ್ಟುದ್ದ?"

"ಉದ್ದಾನೇ ಇದೆ. ಈ ತುದಿಯಲ್ಲಿ ನಿಂತು ಕೂಗಿದ್ರೆ ಆ ತುದಿಗೆ ಕೇಳಲ್ಲ."

ನನ್ನ ಕಿವಿ ನೆಟ್ಟಗಾಯಿತು. ನಾನು ಈ ತುದಿ, ಅವಳು ಆ ತುದಿ! ಕೂಗಿದರೂ ಕೇಳುವುದಿಲ್ಲ! ಇಂಥ ಸುಖ ಈ ಜನ್ಮದಲ್ಲಿದೆ ಎಂದು ಯಾರಿಗೆ ಗೊತ್ತಿತ್ತು? ಅಳತೆಪ್ಪನಿಗೆ ಇನ್ನೊಂದು ಲೋಟ ಟೀ ಹಾಕಿಸಿದೆ. ಅವನು ಹೋದ ಮೇಲೆ ಅಂಗಳದಲ್ಲಿ ಒಂದು ಸುತ್ತು ಕುಣಿದೆ. ರಂಭೆ ಹೆದರಿ ಹಗ್ಗ ಕಿತ್ತುಕೊಂಡು ಓಡಿತು.

ಮಾರ್ಚ್ ೧೨, ಬುಧವಾರ

ಕಂಪನಿ ಸುಳ್ಳಂತೆ! ಇವತ್ತು ಗೊತ್ತಾಯಿತು.

ಮೇಡಂ ಇಬ್ಬರು ಆಳುಗಳನ್ನು ಕರೆತಂದು ಬೇಲಿಯ ಬುಡದಲ್ಲಿ ಗುಂಡಿ ತೋಡಿಸಿ, ಹಾಲಿನ ಕ್ಯಾನಿನಂಥದ್ದೊಂದನ್ನು ಇಳಿಸಿದಳು. ಪರೀಕ್ಷೆಗಂತೆ. "ನನ್ನ ಜಾಗದಲ್ಲಿ ಏನಮ್ಮಾ ಹೂಳ್ತಿದೀಯ?" ಎಂದು ಸೊಂಟಕ್ಕೆ ಕೈ ಇಟ್ಟು ನಿಂತೆ. ಅವಳು ನಗುತ್ತಾ, "ಅಜ್ಜಿ, ಒಂದ್ಸಲ ಕುಪ್ಪಳಿಸಿ" ಅಂದಳು. ಹುಚ್ಚೇನೋ ಅಂದುಕೊಂಡು ಕುಪ್ಪಳಿಸಿದೆ. ಅವಳ ಕೈಯಲ್ಲಿದ್ದ ಪರದೆಯ ಮೇಲೆ ಗೆರೆಯೊಂದು ಟಣ್ಣನೆ ಮೇಲಕ್ಕೆ ಹಾರಿತು.

"ನೋಡಿ, ಇದೇ ಕಂಪನ."

"ಇದಾ? ಇದು ನಡುಕ ಅಲ್ವಾ?"

"ಹೂಂ ಅಜ್ಜಿ, ನಡುಕ!"

"ನಡುಕ ಅಂತ ಅವತ್ತೇ ಹೇಳೋಕೆ ಏನು ರೋಗ ಬಂದಿತ್ತು ನಿನಗೆ? ಊರಿಗೆ ಊರೇ ಕಂಪನಿ ಅಂದ್ಕೊಂಡು ಕೂತಿದೆ. ಆ ದರ್ಜಿ ಕಂಪನಿ ಜನಕ್ಕೆ ಸಮವಸ್ತ್ರ ಹೊಲೀತೀನಿ ಅಂತ ಇನ್ನೊಂದು ಮಿಷನ್ನು ತಂದಿಟ್ಟಿದ್ದಾನೆ!"

ಮೇಡಂ ಗುಂಡಿಯ ಅಂಚಿನಲ್ಲಿ ಕುಸಿದು ಕೂತು ನಕ್ಕಳು ನೋಡಿ, ಕನ್ನಡಕ ಗುಂಡಿಗೆ ಬಿತ್ತು. "ಅದಕ್ಕೇ ಎಲ್ಲರೂ ನನ್ನ ಹತ್ರ ಸಂಬಳ ಎಷ್ಟು ಅಂತ ಕೇಳ್ತಿದ್ರು!" ಅಂದಳು. ನಾನೂ ನಕ್ಕೆ. ಬೇಲಿಯಾಚೆ ಯಾರೋ ಕಿಸಕ್ಕೆಂದ ಹಾಗಾಯಿತು. ದೊರೆಸಾನಿಯಂತೂ ಅಲ್ಲ.

ಆಮೇಲೆ ಮೇಡಂ ಬಿಡಿಸಿ ಹೇಳಿದಳು. ಆಕಾಶದಲ್ಲಿ ಎಲ್ಲೋ ದೂರ ಎರಡು ನಕ್ಷತ್ರ ಡಿಕ್ಕಿ ಹೊಡೆದುಕೊಂಡರೆ ಆ ನಡುಕ ಇಲ್ಲಿಯವರೆಗೂ ಬರುತ್ತದಂತೆ. ಬರುಬರುತ್ತಾ ಸವೆದು ಇಲ್ಲವೇ ಇಲ್ಲ ಅನ್ನುವಷ್ಟಾಗಿರುತ್ತದಂತೆ. ಅದನ್ನು ಹಿಡಿಯಬೇಕಾದರೆ ಸುತ್ತಮುತ್ತ ಮನೆ, ಗಾಡಿ, ಮನುಷ್ಯರ ಓಡಾಟ ಏನೂ ಇರಬಾರದಂತೆ.

"ಆ ನಕ್ಷತ್ರಗಳಿಗೇನು ಬಂದಿದೆ ಡಿಕ್ಕಿ ಹೊಡೆಯೋಕೆ?"

"ಒಂದನ್ನೊಂದು ಸುತ್ತುತ್ತಾ ಇರ್ತಾವೆ ಅಜ್ಜಿ. ಸುತ್ತಿ ಸುತ್ತಿ ಹತ್ತಿರ ಬಂದುಬಿಡ್ತಾವೆ."

"ಅಷ್ಟು ದೊಡ್ಡ ಆಕಾಶದಲ್ಲಿ ಬೇರೆ ಕಡೆ ಹೋಗೋಕಾಗಲ್ವಾ?"

"ಆಗಲ್ಲ. ಒಂದರ ಸೆಳೆತ ಇನ್ನೊಂದಕ್ಕೆ."

ಬುದ್ಧಿಯಿಲ್ಲದವು. ಸಂಜೆಯವರೆಗೂ ಊರಿನ ಮುದುಕಿಯರೆಲ್ಲ ಬಂದು ಗುಂಡಿಯ ಪಕ್ಕ ಕುಪ್ಪಳಿಸಿದರು. ಹಿಟ್ಟಿನ ಗಿರಣಿಯವನ ಅಮ್ಮನದು ಎಲ್ಲಕ್ಕಿಂತ ದೊಡ್ಡ ಗೆರೆ ಬಂತು. ಬರಲೇಬೇಕು, ಗಿರಣಿಯ ಅರ್ಧ ಹಿಟ್ಟು ಇರುವುದು ಅವಳೊಳಗೇ.

ಮಾರ್ಚ್ ೧೯, ಬುಧವಾರ

ಮೇಡಂ ಪರದೆ ಹಿಡಿದುಕೊಂಡು ಬಂದಳು. ಮುಖ ಗಂಭೀರ.

"ಅಜ್ಜಿ, ದಿನಾ ಬೆಳಿಗ್ಗೆ ಇಲ್ಲಿ ಏನೋ ಆಗುತ್ತೆ. ಮೊದಲು ಒಂದು ದೊಡ್ಡ ನಡುಕ. ಸ್ವಲ್ಪ ಬಿಟ್ಟು ಅಷ್ಟೇ ದೊಡ್ಡ ಇನ್ನೊಂದು. ಮತ್ತೆ ಮೊದಲನೇದು. ಮತ್ತೆ ಎರಡನೇದು. ಭೂಮಿ ಒಳಗೆ ಏನೋ ಇದೆ ಅಂತ ನಮ್ಮ ಹುಡುಗರು ಊಟ ಬಿಟ್ಟು ಯೋಚಿಸ್ತಿದ್ದಾರೆ."

ಸೊಸೆ ಬಾಗಿಲಿಗೆ ಒರಗಿ, "ಭೂಮಿ ಒಳಗಲ್ಲ ಮೇಡಂ, ಇವರ ಹೊಟ್ಟೆ ಒಳಗೆ" ಅಂದಳು. ಒಗೆಯುವ ಕಲ್ಲು ತೋರಿಸಿದಳು, ಬೇಲಿಯಾಚೆಯ ಕಲ್ಲೂ ತೋರಿಸಿದಳು, ರಂಭೆಯ ವಿಷಯ, ದೊರೆಸಾನಿಯ ವಿಷಯ ಎಲ್ಲಾ ಒಂದೂ ಬಿಡದೆ ಹೇಳಿದಳು. ಇಂಥದ್ದಕ್ಕೆ ಇವಳಿಗೆ ನಾಲಿಗೆ ಜಾರುವುದಿಲ್ಲ, ಹಾರುತ್ತದೆ.

ಮೇಡಂ ಪರದೆಯನ್ನೂ ಕಲ್ಲನ್ನೂ ಬಹಳ ಹೊತ್ತು ನೋಡಿದಳು.

"ಇರಲಿ, ಇದರಲ್ಲಿ ನನ್ನದು ಯಾವುದು?" ಅಂದೆ.

"ಇದು ಇರಬೇಕು ಅಜ್ಜಿ. ಇದು ಆಚೆಯ ಅಜ್ಜೀದು."

"ನನ್ನದು ದೊಡ್ಡದು ತಾನೆ?"

"ಎರಡೂ ಒಂದೇ ಸಮ."

ಮಿಷನ್ನು ಕೆಟ್ಟಿದೆ.

ಮಾರ್ಚ್ ೨೧, ಶುಕ್ರವಾರ

ಎರಡು ದಿನದಿಂದ ಬಟ್ಟೆಯನ್ನು ಶಕ್ತಿ ಹಾಕಿ ಬಡಿದೆ. ಮಗನ ಅಂಗಿಯಲ್ಲಿ ಒಂದೂ ಗುಂಡಿ ಉಳಿದಿಲ್ಲ. ಮೇಡಂ ಹತ್ತಿರ ಕೇಳಿದೆ. ಇನ್ನೂ ಸಮವಂತೆ! ಅಂದರೆ ಅವಳೂ ಶಕ್ತಿ ಹಾಕುತ್ತಿದ್ದಾಳೆ. ಹಾಳಾದವಳಿಗೆ ಯಾರು ಹೇಳಿದರು?

ಮಾರ್ಚ್ ೨೪, ಸೋಮವಾರ

ಇವತ್ತು ನಡೆದದ್ದನ್ನು ಕ್ರಮವಾಗಿ ಬರೆಯಬೇಕು, ಕೈ ಇನ್ನೂ ನಡುಗುತ್ತಿದೆ. ಇದಕ್ಕೂ ಒಂದು ಗೆರೆ ಬರುತ್ತದೋ ಏನೋ.

ಬೆಳಿಗ್ಗೆ ಕಲ್ಲಿನ ಹತ್ತಿರ ಹೋಗಿ, "ರಂಭೆ, ಇವತ್ತೂ ಸೋಂಬೇರಿ ಹಾಗೆ ಬಿದ್ಕೊಂಡಿದೀಯಾ?" ಅಂದೆ. ಧಡ್. ಆಚೆಯಿಂದ ಸದ್ದಿಲ್ಲ. "ಬಾಯಿಗೇನು ಬೀಗ ಬಿತ್ತಾ ರಂಭೆ?" ಸದ್ದಿಲ್ಲ. ಹಾಲು ಕರೆಯುವಾಗ ಅವಳು ಹಾಡುವ ಹಾಡಿನ ವಿಷಯ ಎತ್ತಿದೆ, ಅದಕ್ಕೆ ಎಂದೂ ಸುಮ್ಮನಿದ್ದವಳಲ್ಲ. ಇಲ್ಲ. ಕೊನೆಗೆ ಅವಳ ತವರಿಗೇ ಕೈ ಹಾಕಿದೆ. "ರಂಭೆ, ನಿನ್ನ ತವರಲ್ಲಿ ಎಲ್ಲರೂ ಹೀಗೇನಾ, ಅಥವಾ ನಿನ್ನೊಬ್ಬಳನ್ನೇ ಆರಿಸಿ ಕಳಿಸಿದ್ರಾ?" ಅಂದೆ. ತವರನ್ನು ಅಂದ ಮೇಲೂ ಬಾಯಿ ಬಿಡದ ಹೆಂಗಸು ಈ ಭೂಮಿಯ ಮೇಲಿಲ್ಲ.

ಸದ್ದಿಲ್ಲ. ದೊರೆಸಾನಿ ಮಾತ್ರ ಅಂಬಾ ಅಂತು. ಹಾಲು ಕರೆಯದ ಹಸುವಿನ ಅಂಬಾ.

ನಾನು ಬೇಲಿ ದಾಟಿದೆ. ರಂಭೆ ನುಸುಳುವ ಕಂಡಿಯಲ್ಲಿ ತಲೆ ಹಾಕಿ, ನುಗ್ಗಿ, ಕೈ ಕಾಲು ಪರಚಿಕೊಂಡು ಆಚೆ ಬಿದ್ದೆ. ಅವಳು ಕೊಟ್ಟಿಗೆಯ ಬಾಗಿಲಲ್ಲಿ ಬಿದ್ದಿದ್ದಳು. ಒಂದು ಕಾಲು ಮಡಚಿಕೊಂಡು. ಮುಖ ಸುಣ್ಣದ ಹಾಗೆ. ಮಗಳು ಆಸ್ಪತ್ರೆಯ ಪಾಳಿಗೆ ಹೋಗಿ ಆಗಿತ್ತು. ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಅವಳ ಹತ್ತಿರ ಮಾತಾಡುವುದು ಹೇಗೆ? ನಾನು ಹಸುವಿನ ಕಡೆ ತಿರುಗಿದೆ. "ದೊರೆಸಾನೀ, ನಿನ್ನ ಯಜಮಾನೀದು ಮುರಿದಿರೋದು ಕಾಲೋ ಬಾಯೋ ಕೇಳು."

ನೆಲದಿಂದ ಸಣ್ಣ ದನಿ ಬಂತು. "ದೊರೆಸಾನೀ, ಬಂದೋರು ಮೊದಲು ಎತ್ತಿ ಕೂರಿಸಲಿ, ವಿಚಾರಣೆ ಆಮೇಲೆ ಮಾಡಲಿ ಅಂತ ಹೇಳು."

"ಕೂಗೋಕೆ ಏನಾಗಿತ್ತು ಅಂತ ಕೇಳು ದೊರೆಸಾನೀ!"

"ತವರಿನ ತನಕ ಹೋಗ್ತಾರಾ ನೋಡೋಣ ಅಂತ ಕಾಯ್ತಿದ್ದೆ ಅಂತ ಹೇಳು."

ಬದುಕಿದ್ದಾಳೆ ಎಂದು ಗೊತ್ತಾಗಿ ನನಗೆ ನಗು ಬಂತೋ ಅಳು ಬಂತೋ, ಮೂಗಿನಿಂದ ಏನೋ ಬಂತು. ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಹಗುರ ಇದ್ದಾಳೆ. ಯಾವಾಗ ಇಷ್ಟು ಹಗುರವಾದಳು? ಮಗನನ್ನು ಕೂಗಿ ಟ್ರ್ಯಾಕ್ಟರು ತರಿಸಿದೆ. ಟ್ರೇಲರಿನಲ್ಲಿ ಹಾಸಿಗೆ ಹಾಕಿ, ಅವಳ ಕಾಲು ನನ್ನ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಇಬ್ಬರೂ ಒಂದು ಮಾತೂ ಆಡಲಿಲ್ಲ, ಏಕೆಂದರೆ ಟ್ರೇಲರಿನಲ್ಲಿ ಯಾವ ದನವೂ ಇರಲಿಲ್ಲ.

ಮಾರ್ಚ್ ೨೫, ಮಂಗಳವಾರ

ಕಾಲಿಗೆ ಪಟ್ಟಿ ಹಾಕಿ ಮನೆಗೆ ಕಳಿಸಿದ್ದಾರೆ. ನೆಲಕ್ಕೆ ಊರುವ ಹಾಗಿಲ್ಲ. ಮಗಳು ಪಾಳಿಗೆ ಹೋಗಲೇಬೇಕು. ಹಾಗಾಗಿ ಗಂಜಿ ನಾನು ಒಯ್ದೆ. ಗಂಜಿ ಕೊಟ್ಟು ಸುಮ್ಮನೆ ಗೋಡೆ ನೋಡುತ್ತಾ ಎಷ್ಟು ಹೊತ್ತು ಕೂರುವುದು? ದೊರೆಸಾನಿ ಬಾಗಿಲಲ್ಲಿ ಹಿಡಿಸುವುದಿಲ್ಲ. ವಾಪಸ್ಸು ಹೋಗಿ ರಂಭೆಯನ್ನು ಹಿಡಿದುಕೊಂಡು ಬಂದೆ. ಮಂಚಕ್ಕೆ ಕಟ್ಟಿದೆ.

"ರಂಭೆ, ಗಂಜಿಗೆ ಉಪ್ಪು ಸರಿ ಇದೆಯಾ ಕೇಳು."

"ರಂಭೆ, ಉಪ್ಪಿನಲ್ಲಿ ಗಂಜಿ ಸ್ವಲ್ಪ ಕಮ್ಮಿ ಆಗಿದೆ ಅಂತ ಹೇಳು."

ಇಷ್ಟೆಲ್ಲ ಹೇಳುವಷ್ಟರಲ್ಲಿ ರಂಭೆ ಅವಳ ದಿಂಬಿನ ಮೂಲೆ ಅರ್ಧ ತಿಂದಿತ್ತು. ಇಬ್ಬರೂ ಒಟ್ಟಿಗೆ "ಏಯ್!" ಅಂದೆವು. ಅವಳ ಮಗಳು ಆಸ್ಪತ್ರೆಯಿಂದ ಬಂದು ನೋಡಿ, "ಚಿಕ್ಕಮ್ಮಾ, ಈ ಮೇಕೆ ಯಾಕಿಲ್ಲಿ?" ಅಂದಳು. "ಮಾತಾಡೋಕೆ" ಅಂದೆ. ಅವಳು ಏನೂ ಕೇಳದೆ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ನಕ್ಕದ್ದು ಕೇಳಿಸಿತು.

ಮಾರ್ಚ್ ೨೮, ಶುಕ್ರವಾರ

ದೊರೆಸಾನಿಯ ಹಾಲನ್ನು ಈಗ ನಾನೇ ಕರೆಯುತ್ತಿದ್ದೇನೆ. ಯಜಮಾನಿಗಿಂತ ಒಳ್ಳೆಯ ಸ್ವಭಾವ. ಎರಡು ಸಲ ಮಾತ್ರ ಒದ್ದಿತು.

ಇವತ್ತು ಒಂದು ವಿಚಿತ್ರ. ಮಾತು ಅಲ್ಲಿ ಇಲ್ಲಿ ಹೋಗಿ ಜಗಳದ ಬುಡಕ್ಕೆ ಬಂತು. ನಾನು ರಂಭೆಗೆ, "ಅತ್ತೆಯ ತಾಮ್ರದ ಹಂಡೆ ನನಗೆ ಅಂತ ಅತ್ತೆಯೇ ಹೇಳಿದ್ರು, ಅದನ್ನ ಎತ್ತಿಕೊಂಡು ಹೋದೋರು ಯಾರು ಕೇಳು" ಅಂದೆ. ಅವಳು ಎದ್ದು ಕೂತಳು.

"ಯಾವ ಹಂಡೆ ರಂಭೆ?"

"ಯಾವ ಹಂಡೆಯಂತೆ! ಅದಕ್ಕೇ ತಾನೇ ಮಾತು ಬಿಟ್ಟದ್ದು!"

"ಹಂಡೆಗೆ ಯಾರು ಮಾತು ಬಿಡ್ತಾರೆ ರಂಭೆ? ಅದು ತೂತು, ಕೋಳಿಗೆ ಗೂಡು ಮಾಡಿದೆ. ನಾನು ಮಾತು ಬಿಟ್ಟದ್ದು, ಅಷ್ಟು ಜನ ನೆಂಟರ ಮುಂದೆ 'ಅಕ್ಕ ಹಾಡಿದ್ರೆ ಹಸು ಹಾಲು ಒಳಕ್ಕೆ ಎಳ್ಕೊಳ್ಳುತ್ತೆ' ಅಂದರಲ್ಲ, ಅದಕ್ಕೆ."

ನನಗೆ ನೆನಪೇ ಇಲ್ಲ. ಅಂದಿರಬಹುದು. ಒಳ್ಳೆಯ ಮಾತೇ, ನನ್ನ ಬಾಯಿಂದ ಬಂದ ಹಾಗೇ ಇದೆ. ಅಂದರೆ ಇಷ್ಟು ವರ್ಷ ನಾನು ಹಂಡೆಯ ಜಗಳ ಆಡುತ್ತಿದ್ದೆ, ಅವಳು ಹಾಡಿನ ಜಗಳ ಆಡುತ್ತಿದ್ದಳು. ಒಬ್ಬರ ಜಗಳ ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ! ಇದನ್ನು ಯೋಚಿಸಿ ಯೋಚಿಸಿ ನಾನು ನಕ್ಕೆ. ಅವಳು ನಕ್ಕಳು. ನಕ್ಕರೆ ಕಾಲು ನೋಯುತ್ತದೆ ಎಂದು ಅಳುತ್ತಾ ನಕ್ಕಳು. ರಂಭೆ ನಮ್ಮಿಬ್ಬರನ್ನೂ ನೋಡಿ ಒಂದು ಸಲ ಬ್ಯಾ ಅಂತು. ಅದಕ್ಕೆ ಅಕ್ಕ, "ನಿನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ" ಅಂದಳು.

ಅಕ್ಕನಿಗೆ ಇನ್ನು ಈ ದಿಬ್ಬ ಹತ್ತಿ ಇಳಿಯುವುದು ಆಗದು. ಕೆಳಗೆ ರಸ್ತೆ ಪಕ್ಕವಾದರೆ ಮಗಳ ಆಸ್ಪತ್ರೆಯೂ ಹತ್ತಿರ. ಸಹಿ ಹಾಕಿಬಿಡುವುದೇ ಸರಿ ಎಂದು ಅವಳು ರಂಭೆಗೆ ಹೇಳಿದಳು. ಸರಿ ಎಂದು ನಾನೂ ರಂಭೆಗೆ ಹೇಳಿದೆ. ನಾವಿಬ್ಬರೂ ಒಂದೇ ಕಡೆ ಹೂಂ ಅಂದದ್ದು ಕೇಳಿ ಅಳತೆಪ್ಪ ನಮ್ಮ ಅಂಗಳದಲ್ಲಿ ಚಪ್ಪಲಿ ಬಿಟ್ಟು ದಿಬ್ಬಕ್ಕೇ ಕೈ ಮುಗಿದ.

ಏಪ್ರಿಲ್ ೨, ಬುಧವಾರ

ಶನಿವಾರ ಚೀಟಿ, ಅಲ್ಲೇ ಸಹಿ. ಇಷ್ಟು ದಿನ ಕಾದದ್ದು ಇದಕ್ಕೇ. ಅವಳು ಆ ತುದಿ, ನಾನು ಈ ತುದಿ, ಕೂಗಿದರೂ ಕೇಳುವುದಿಲ್ಲ. ಬೆಳಿಗ್ಗೆ ಎದ್ದು ಹಾಯಾಗಿ ಬಟ್ಟೆ ಒಗೆಯಬಹುದು. ಯಾರ ಕಾಟವೂ ಇಲ್ಲ.

ಇವತ್ತು ಬಟ್ಟೆ ಒಗೆಯಲಿಲ್ಲ.

ಏಪ್ರಿಲ್ ೩, ಗುರುವಾರ

ಊಟ ರುಚಿಸಲಿಲ್ಲ. ಸೊಸೆ ಅಡಿಗೆ ಕೆಡಿಸಿದ್ದಾಳೆ ಅಂದೆ. "ಅಡಿಗೆ ನೀವೇ ಮಾಡಿದ್ದು ಅತ್ತೆ" ಅಂದಳು.

ಏಪ್ರಿಲ್ ೫, ಶನಿವಾರ

ಶಾಲೆಯ ಹಾಲು ಕಿಕ್ಕಿರಿದಿತ್ತು. ಅಕ್ಕನನ್ನು ಕುರ್ಚಿಯ ಸಮೇತ ಟ್ರ್ಯಾಕ್ಟರಿನಲ್ಲಿ ತಂದು, ಕುರ್ಚಿಯ ಸಮೇತ ಒಳಗೆ ಇಳಿಸಿದರು. ರಾಣಿಯ ಹಾಗೆ ಬಂದಳು. ನಾನು ಹಾಲಿನ ಈ ಬದಿ ಕೂತೆ, ಅವಳು ಆ ಬದಿ. ರಂಭೆಯನ್ನು ಒಳಗೆ ಬಿಡಲಿಲ್ಲ, ಬಾಗಿಲಲ್ಲಿ ಕಟ್ಟಿಸಿದರು.

ಡಬ್ಬಿಗೆ ಚೀಟಿ ಹಾಕಿ ಕುಲುಕಿದರು. ಅಕ್ಕ ಎತ್ತಿದಳು. ಮೊದಲನೇ ಮನೆ. ಆಸ್ಪತ್ರೆಯ ತುದಿ. ನಾನು ಎತ್ತಿದೆ. ಅಳತೆಪ್ಪ ಬಿಡಿಸಿ ಓದಿ, ಹಲ್ಲು ಬಿಟ್ಟು, "ಅಜ್ಜಿ, ನೀವು ಬೇಡ್ಕೊಂಡ ಹಾಗೇ ಆಯ್ತು! ಕೊನೇ ಮನೆ!" ಅಂದ. ಜನ ಹೋ ಎಂದು ಕೂಗಿದರು. ನಾನು ಕುಣಿಯುತ್ತೇನೆಂದು ಎಲ್ಲರೂ ಕಾದರು. ಕಾಲು ಏಳಲಿಲ್ಲ. ಬೆಳಿಗ್ಗೆ ತಿಂದದ್ದು ಸರಿಯಾಗಿರಲಿಲ್ಲ.

ಆಮೇಲೆ ಸಹಿ. ಕಾಗದ ಮೊದಲು ಅಕ್ಕನ ಹತ್ತಿರ ಹೋಯಿತು. ಅವಳು ಪೆನ್ನು ಹಿಡಿದು ತಲೆ ಬಗ್ಗಿಸಿದಳು. ಎಷ್ಟು ಹೊತ್ತಾದರೂ ಬರೆಯಲಿಲ್ಲ. ಒಂದು ಸಲ ತಲೆ ಎತ್ತಿ ಬಾಗಿಲ ಕಡೆ, ರಂಭೆಯ ಕಡೆ ನೋಡಿದಳು. ರಂಭೆ ಬೇರೆ ಕಡೆ ನೋಡುತ್ತಾ ಯಾರದೋ ಚಪ್ಪಲಿ ತಿನ್ನುತ್ತಿತ್ತು. ಅಕ್ಕ ಪೆನ್ನು ಕಾಗದಕ್ಕೆ ತಾಗಿಸಿದಳು.

"ಅಕ್ಕಾ, ಹಾಕಬೇಡ!" ಅಂದೆ. "ಆ ತುದೀಲಿ ನೀನು ಬಿದ್ರೆ ಈ ತುದಿಗೆ ಕೇಳುತ್ತಾ? ನಾನು ಯಾರ ತವರಿನ ತನಕ ಹೋಗಲಿ? ಪಕ್ಕಪಕ್ಕ ಕೊಟ್ರೆ ಸಹಿ, ಇಲ್ಲಾಂದ್ರೆ ಇವರ ನಕ್ಷತ್ರ ಇವರೇ ಇಟ್ಕೊಳ್ಳಲಿ!"

"ನಾನೂ ಅದನ್ನೇ ಹೇಳೋಣ ಅಂತಿದ್ದೆ ಕಣೇ" ಎಂದು ಅಕ್ಕ ಪೆನ್ನು ಮುಚ್ಚಿದಳು. "ಮಧ್ಯೆ ಬೇಲಿ ಬೇಕು, ಅದೂ ಬರ್ಕೊಳ್ಳಲಿ."

"ಹೂಂ ಮತ್ತೆ, ಬೇಲಿ ಇಲ್ಲದೆ ಹೇಗೆ?" ಅಂದೆ.

ಎಲ್ಲರೂ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಸೊಸೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಮಗನ ಕಣ್ಣಲ್ಲಿ ನೀರು. ಯಾಕೋ ಗೊತ್ತಿಲ್ಲ. ಮುಖಕ್ಕೆ ಏನಾದರೂ ಮೆತ್ತಿದೆಯೇನೋ ಎಂದು ಅಂಗೈಯಿಂದ ಒರೆಸಿಕೊಂಡೆ. ಏನೂ ಇರಲಿಲ್ಲ.

ಅಳತೆಪ್ಪ, "ಚೀಟಿ ಎತ್ತಿ ಆಗಿದೆ ಅಜ್ಜಿ, ನಿಯಮ..." ಎಂದು ರಾಗ ತೆಗೆದ. ಆಗ ದರ್ಜಿ ನೆಗೆದು ನಿಂತ. ಅವನಿಗೆ ಎರಡನೇ ಮನೆ ಬಂದಿತ್ತು, ಅಕ್ಕನ ಪಕ್ಕದ್ದು. "ನಿಯಮ ಗಿಯಮ ಎಲ್ಲಾ ಆಮೇಲೆ! ನನ್ನ ಮನೆ ಅವರಿಗೆ ಕೊಡಿ, ಅವರ ಕೊನೇ ಮನೆ ನನಗೆ ಕೊಡಿ! ಈ ಇಬ್ಬರ ಮಧ್ಯೆ ಕೂತು ನಾನು ಸೂಜಿಗೆ ದಾರ ಪೋಣಿಸೋದು ಹೇಗೆ ಸ್ವಾಮಿ? ಕೈ ನಡುಗುತ್ತೆ!" ಅಂದ.

ಮೇಡಂ ನಗು ತಡೆಯಲಾರದೆ, "ಕಂಪನ!" ಅಂದಳು. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಆ ಗದ್ದಲದಲ್ಲಿ ಅಳತೆಪ್ಪ ಎರಡು ಚೀಟಿಯನ್ನೂ ಅದಲು ಬದಲು ಮಾಡಿ ಬರೆದುಕೊಂಡ. ಅಕ್ಕ ಸಹಿ ಹಾಕಿದಳು, ಅವಳ ಕೆಳಗೆ ನಾನು ಹಾಕಿದೆ. ನನ್ನ ಸಹಿ ಸ್ವಲ್ಪ ದೊಡ್ಡದಿದೆ.

ನವೆಂಬರ್ ೧೨, ಬುಧವಾರ

ಮನೆ ಬದಲಾಯಿಸುವ ಗದ್ದಲದಲ್ಲಿ ಈ ಡೈರಿ ಹಿಟ್ಟಿನ ಡಬ್ಬಿಯೊಳಗೆ ಸೇರಿಕೊಂಡಿತ್ತು. ಸೊಸೆಗೆ ಇವತ್ತು ಸಿಕ್ಕಿತು. ಅವಳಿಗೀಗ ಪುರುಸೊತ್ತಿಲ್ಲ, ಮೇಡಮ್ಮಿನ ಕೇಂದ್ರದ ಅಡಿಗೆಮನೆ ಅವಳ ಕೈಯಲ್ಲಿದೆ. ಕಂಪನಿ ಅಲ್ಲದಿದ್ದರೂ ಕೆಲಸ ಸಿಕ್ಕಿತು.

ಹೊಸ ಮನೆಯಲ್ಲಿ ನಲ್ಲಿ ಒಳಗೇ ಇದೆ. ಆದರೂ ಒಗೆಯುವ ಕಲ್ಲುಗಳನ್ನು ನಾವು ದಿಬ್ಬದಿಂದ ಟ್ರ್ಯಾಕ್ಟರಿನಲ್ಲಿ ತರಿಸಿ ಹೊರಗೆ, ಎದುರುಬದುರು ಹಾಕಿಸಿದ್ದೇವೆ. ನಡುವೆ ಬೇಲಿಗೆಂದು ಅಳತೆಪ್ಪ ದಾರ ಕಟ್ಟಿ ಹೋದ. ದಾರದುದ್ದಕ್ಕೂ ಮಳೆಗಾಲದಲ್ಲಿ ನಾವಿಬ್ಬರೂ ಕಡ್ಡಿ ಊರಿದೆವು. ಚಿಗುರಿವೆ, ಈಗ ಮೊಣಕಾಲಿನಷ್ಟಿವೆ.

ಮೇಡಂ ಬೆಳಿಗ್ಗೆ ದಿಬ್ಬದಿಂದ ಇಳಿದು ಬಂದಿದ್ದಳು. ಮೇಲೆ ಈಗ ಸಂಪೂರ್ಣ ನಿಶ್ಶಬ್ದವಂತೆ. ಪರದೆಯ ಮೇಲೆ ಗೆರೆ ಹಾಸಿಗೆ ಹಾಸಿದ ಹಾಗೆ ಮಟ್ಟಸ. "ನಕ್ಷತ್ರ ಬಂತಾ?" ಅಂದೆ. "ಇನ್ನೂ ಇಲ್ಲ ಅಜ್ಜಿ. ಕಾಯ್ತಾ ಇದ್ದೀವಿ. ಆದರೆ ನನಗೆ ಆ ಬೆಳಗಿನ ಎರಡು ಗೆರೆ ಇಲ್ಲದೆ ಬೇಜಾರು" ಅಂದಳು. ಪಾಪ. ಅಕ್ಕ ಟೀ ಮಾಡಿಕೊಟ್ಟಳು. ಸಕ್ಕರೆ ಜಾಸ್ತಿಯಾಗಿತ್ತು, ಹೇಳಿದೆ. ನಿನ್ನ ನಾಲಿಗೆಗೆ ಅಷ್ಟಾದರೂ ಸಿಹಿ ತಾಗಲಿ ಅಂದಳು.

ಮೇಡಂ ಹೋದ ಮೇಲೆ ಬಟ್ಟೆ ಒಗೆಯುತ್ತಿದ್ದೆವು. ಅಕ್ಕ ಅದೇ ಹಳೆಯ ರಾಗ ತೆಗೆದಿದ್ದಳು. ದೊರೆಸಾನಿ ಬಾಲ ಬೀಸುತ್ತಾ ಸಹಿಸಿಕೊಂಡಿತ್ತು. ಅಷ್ಟರಲ್ಲಿ ರಂಭೆ ಹಗ್ಗ ಬಿಡಿಸಿಕೊಂಡು ಬಂದು ಬೇಲಿಯ ಚಿಗುರಿಗೆ ಬಾಯಿ ಹಾಕಿತು. ಆ ಕೊನೆಯಿಂದ ಶುರು ಮಾಡಿ ಒಂದೊಂದೇ ಗಿಡ ಬೋಳಿಸುತ್ತಾ ಬಂತು.

ಅಕ್ಕ ಹಾಡು ನಿಲ್ಲಿಸಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ.

"ನಿನ್ನ ಮೇಕೆ" ಅಂದಳು.

"ನಿನ್ನ ಕಡೆಯ ಗಿಡ" ಅಂದೆ.

ರಂಭೆಯನ್ನು ಬೈಯಲು ಬಾಯಿ ತೆರೆದೆ. ಏನು ಹೇಳಬೇಕೆಂದು ಹೊಳೆಯಲಿಲ್ಲ. ಅಕ್ಕ ಮತ್ತೆ ಹಾಡತೊಡಗಿದಳು. ರಂಭೆ ಹೊಟ್ಟೆ ತುಂಬಾ ತಿಂದಿತು.